ಗಣಿತದ ಸಿಸ್ಟರ್ ಮತ್ತು ನೆಲಮಹಡಿಯ ಕೋಣೆ

ಮಾನ್ಯ ಸಂಪಾದಕರೇ,

ನನಗೆ ಗಣಿತ ಕಲಿಸಿದ ಸಿಸ್ಟರ್ ಒಬ್ಬರ ನಿಧನದ ಸುದ್ದಿ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ನಾಲ್ಕು ಸಾಲಿನಲ್ಲಿ ಬಂದಿತ್ತು. ಪೋಲಿಯೊ ಪೀಡಿತರಾಗಿದ್ದರೂ ಮುಂಬಯಿಯಲ್ಲಿ ದೀರ್ಘಕಾಲ ಶಿಕ್ಷಕಿಯಾಗಿದ್ದರು ಎಂದಿತ್ತು. ಸುದ್ದಿಯಲ್ಲಿ ತಪ್ಪೇನಿಲ್ಲ. ಆದರೆ ಅಷ್ಟು ವರ್ಷ ಅವರು ಪಾಠ ಮಾಡಲು ಏನೇನು ಒದಗಿ ಬಂತು ಎಂಬುದು ನಾಲ್ಕು ಸಾಲಿನಲ್ಲಿ ಹಿಡಿಸುವ ಮಾತಲ್ಲ. ಅದನ್ನು ಈಗ ಹೇಳಲೇಬೇಕಾದ ಸಂದರ್ಭವೂ ನಮ್ಮ ಮನೆಯಲ್ಲಿ ಬಂದಿದೆ.

ನನ್ನ ತಂದೆ ಕುಂದಾಪುರದ ಕಡೆಯಿಂದ ಬಂದು ಕುರ್ಲಾದ ಉಡುಪಿ ಹೋಟೆಲೊಂದರ ಗಲ್ಲೆಯಲ್ಲಿ ಕೂರುತ್ತಿದ್ದವರು. ಸಿಸ್ಟರ್ ಮಂಗಳೂರಿನವರು. ತರಗತಿಯೊಳಗೆ ಇಂಗ್ಲಿಷ್, ಹೊರಗೆ ಬಂದರೆ ನಮ್ಮಂಥ ಊರ ಮಕ್ಕಳ ಜೊತೆ ಕನ್ನಡ. ಅವರ ಬಲಗಾಲಿಗೆ ತೊಡೆಯಿಂದ ಪಾದದವರೆಗೆ ಕ್ಯಾಲಿಪರ್ ಇತ್ತು: ಎರಡು ಕಬ್ಬಿಣದ ಸರಳು, ಚರ್ಮದ ಪಟ್ಟಿಗಳು, ಮೊಣಕಾಲಿನ ಬಳಿ ಬಳೆಯಂಥ ಕೊಂಡಿ. ಕೂರುವ ಮೊದಲು ಉಡುಪಿನ ಮೇಲಿಂದಲೇ ಆ ಕೊಂಡಿಯನ್ನು ಎತ್ತಬೇಕು, ಆಗ ಕಾಲು ಮಡಿಯುತ್ತದೆ. ಎದ್ದು ಕಾಲು ನೇರ ಮಾಡಿದರೆ ಕೊಂಡಿ ತಾನಾಗಿ ಕೆಳಗೆ ಬೀಳುತ್ತದೆ. ಆ ಕಟ್ ಎನ್ನುವ ಸದ್ದು ಕೇಳಿದರೆ ಹಿಂದಿನ ಬೆಂಚಿನವರ ಹರಟೆಯೂ ನಿಲ್ಲುತ್ತಿತ್ತು.

ನಮ್ಮ ಶಾಲೆಗೆ ಮೂರು ಮಹಡಿ, ಲಿಫ್ಟ್ ಇರಲಿಲ್ಲ. ಗಣಿತದ ಪೀರಿಯಡ್ ಬಂತೆಂದರೆ ಪುಸ್ತಕ ಹಿಡಿದು ನಾವೇ ನೆಲಮಹಡಿಯ ಕೋಣೆಗೆ ಇಳಿಯುತ್ತಿದ್ದೆವು. ಅಲ್ಲಿನ ಕಪ್ಪು ಹಲಗೆಯನ್ನು ಅವರು ಕುಳಿತೇ ಬರೆಯುವಷ್ಟು ಕೆಳಗೆ ಹೊಡೆಸಿದ್ದರು. ಮಳೆಗಾಲದಲ್ಲಿ ಊರುಗೋಲಿನ ರಬ್ಬರ್ ಜಾರಬಾರದೆಂದು ಪ್ಯೂನ್ ಬೆಳಿಗ್ಗೆಯೇ ವರಾಂಡದುದ್ದಕ್ಕೂ ಗೋಣಿತಾಟು ಹಾಸಿಡುತ್ತಿದ್ದ. ಯಾರೂ ಇದನ್ನು ಉಪಕಾರವೆಂದು ಆಡಿಕೊಂಡದ್ದನ್ನು ನಾನು ಕೇಳಿಲ್ಲ. ಟೈಮ್‌ಟೇಬಲ್ ಹಾಕಿದಷ್ಟೇ ಸಹಜವಾಗಿ ಅದು ನಡೆಯುತ್ತಿತ್ತು.

ಇನ್ನು ಅವರ ರೇಖಾಗಣಿತದ ಪಾಠ. ಮರದ ದೊಡ್ಡ ಕೈವಾರವನ್ನು ಒಂದೇ ಕೈಯಲ್ಲಿ ತಿರುಗಿಸುವುದು ಅವರಿಗೆ ಕಷ್ಟ. ಹಾಗಾಗಿ ಮುಳ್ಳಿನ ತುದಿಯನ್ನು ಅವರು ಒತ್ತಿ ಹಿಡಿಯುತ್ತಿದ್ದರು, ಸೀಮೆಸುಣ್ಣದ ತುದಿಯನ್ನು ನಮ್ಮಲ್ಲೊಬ್ಬಳು ತಿರುಗಿಸಬೇಕು. ತಿರುಗಿಸುವವಳು ಮುಂದಿನ ಹೆಜ್ಜೆ ಏನು, ಯಾಕೆ ಎಂದು ಬಾಯಿಬಿಟ್ಟು ಹೇಳಲೂಬೇಕು. ತಡವರಿಸಿದರೆ ಕೈವಾರ ಅಲ್ಲೇ ನಿಲ್ಲುತ್ತಿತ್ತು. ಸರಸರನೆ ತಾವೇ ಚಿತ್ರ ಬರೆದು ಮುಗಿಸುವ ಶಿಕ್ಷಕರು ಮುಂದೆ ನನಗೆ ಎಷ್ಟೋ ಮಂದಿ ಸಿಕ್ಕಿದ್ದಾರೆ. ಅವರಿಂದ ಕಲಿತದ್ದು ಕಡಿಮೆ.

ಭಾನುವಾರ ಮಧ್ಯಾಹ್ನ ಅದೇ ಕೋಣೆಗೆ ಹೋಟೆಲಿನ ಹುಡುಗರು ಬರುತ್ತಿದ್ದರು. ಹಗಲು ತಟ್ಟೆ ಎತ್ತಿ, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಹತ್ತನೆಯ ತರಗತಿಯ ಎಸ್‌ಎಸ್‌ಸಿ ಪರೀಕ್ಷೆಗೆ ಕೂರುವವರು, ಬೀಜಗಣಿತದಲ್ಲೇ ಮುಗ್ಗರಿಸುವವರು. ನನ್ನ ತಂದೆಯ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಒಬ್ಬ ಹೀಗೆ ಪಾಸಾಗಿ ಬ್ಯಾಂಕ್ ಸೇರಿದ.

2008ರ ಅಕ್ಟೋಬರಿನಲ್ಲಿ ಕೇರಳದ ಕ್ರೈಸ್ತ ಸನ್ಯಾಸಿನಿ ಅಲ್ಫೋನ್ಸಾ ಅವರಿಗೆ ಸಂತ ಪದವಿ ಸಿಕ್ಕಾಗ ನಾನು ಸಿಸ್ಟರನ್ನು ನೋಡಲು ಹೋಗಿದ್ದೆ. ಅಲ್ಫೋನ್ಸಾ ಎಳೆಯ ವಯಸ್ಸಿನಲ್ಲಿ ಕೆಂಡದ ಗುಂಡಿಯಲ್ಲಿ ಕಾಲು ಸುಟ್ಟುಕೊಂಡವರು, ವಾಕಕ್ಕಾಡ್ ಎಂಬಲ್ಲಿ ಕೆಲಕಾಲ ಮಕ್ಕಳಿಗೆ ಪಾಠ ಹೇಳಿದವರು, ಕಾಯಿಲೆಯಲ್ಲೇ ಬಳಲಿ 1946ರಲ್ಲಿ 35ರ ವಯಸ್ಸಿಗೆ ತೀರಿಕೊಂಡವರು. ನೀವೂ ಹಾಗೆಯೇ ಅಲ್ಲವೇ ಎಂದೆ. ಸಿಸ್ಟರ್ ಒಪ್ಪಲಿಲ್ಲ. ನನಗೆ ಕೋಣೆ ಕೊಟ್ಟಿದ್ದರು, ಪಾಠ ಮಾಡಿದೆ ಅಷ್ಟೆ ಎಂದರು.

ಈಗ ನನ್ನ ತಂಗಿಯ ಮಗಳ ವಿಷಯ. ಲೋಕಲ್ ರೈಲಿನ ಅಪಘಾತದಲ್ಲಿ ಎಡಗಾಲಿನ ಮೊಣಕಾಲ ಕೆಳಗಿನ ಭಾಗ ಕಳೆದುಕೊಂಡವಳು, ಜೈಪುರ ಕಾಲು ಹಾಕಿಕೊಂಡು ನಡೆಯುತ್ತಾಳೆ. ಬಿ.ಎಸ್ಸಿ., ಬಿ.ಎಡ್. ಮಾಡಿದ್ದಾಳೆ. ಈ ವರ್ಷ ಠಾಣೆ ನಗರದ ಶಾಲೆಯೊಂದರಲ್ಲಿ ಸಂದರ್ಶನಕ್ಕೆ ಹೋದಾಗ ಪಾಠದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ವಿಜ್ಞಾನದ ತರಗತಿಗಳೆಲ್ಲ ಮೂರನೇ ಮಹಡಿಯಲ್ಲಿವೆ, ನಿಮಗೆ ತ್ರಾಸಾಗುತ್ತದೆ ಎಂದು ಚಹಾ ಕೊಟ್ಟು ಕಳುಹಿಸಿದರು. ಅವಳು ಮನೆಗೆ ಬಂದು ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ನನಗೆ ಸಿಟ್ಟು ಇನ್ನೂ ಇಳಿದಿಲ್ಲ.

ಪೋಲಿಯೊ ಭಾರತದಿಂದ ತೊಲಗಿತೆಂದು 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು, ದೊಡ್ಡ ಗೆಲುವು ಅದು. ಆದರೆ ಅಂಗವಿಕಲರು ತೊಲಗಿಲ್ಲ. ಅಂಗವಿಕಲರಿಗಾಗಿ ಬಂದ 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದರೆ 2016ರ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಸರ್ಕಾರದ ಮಾನ್ಯತೆ ಪಡೆದ ಶಾಲೆಯ ಕಟ್ಟಡವೂ ಆವರಣವೂ ಅಂಗವಿಕಲರು ಬಳಸುವಂತಿರಬೇಕು ಎಂದು ಅದರ 16ನೇ ಸೆಕ್ಷನ್ ಹೇಳುತ್ತದೆ. ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂಬ 21ನೇ ಸೆಕ್ಷನ್ ಖಾಸಗಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಅಷ್ಟೆಲ್ಲ ಕಾನೂನು ಬರುವ ಎಷ್ಟೋ ಮೊದಲೇ ನಮ್ಮ ಶಾಲೆ ಒಂದು ಹಲಗೆಯನ್ನು ಕೆಳಗಿಳಿಸಿತ್ತು.

ಮುಂಬಯಿಯಲ್ಲಿ ನಮ್ಮ ಕನ್ನಡಿಗರ ಸಂಘಗಳು ನಡೆಸುವ ಶಾಲೆ ಕಾಲೇಜುಗಳಿವೆ, ಪದಾಧಿಕಾರಿಗಳು ಈ ಪತ್ರಿಕೆಯನ್ನು ಓದುತ್ತಾರೆ. ಅವರಲ್ಲಿ ನನ್ನ ವಿನಂತಿ: ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ನೆಲಮಹಡಿಯಲ್ಲಿ ಒಂದು ಕೋಣೆಯನ್ನು ಪಾಠಕ್ಕೆ ಬಿಡಿಸಿಡಿ, ಬಾಗಿಲಿಗೊಂದು ಇಳಿಜಾರು ಕಟ್ಟಿಸಿ. ಶಿಕ್ಷಕರು ಬೇಕಾಗಿದ್ದಾರೆ ಎಂಬ ಜಾಹೀರಾತಿನಲ್ಲಿ ಆ ಕೋಣೆ ಇದೆಯೆಂಬುದನ್ನೂ ಬರೆಯಿರಿ. ಅರ್ಜಿ ಹಾಕುವವರಲ್ಲಿ ನನ್ನ ತಂಗಿಯ ಮಗಳೂ ಇರುತ್ತಾಳೆ.

— ಓರ್ವ ಹಳೆ ವಿದ್ಯಾರ್ಥಿನಿ, ಮುಲುಂಡ್, ಮುಂಬಯಿ