ಮಂಡಿ ಸರಿಯಾಯಿತು: ಥ್ಯಾಂಕ್ಸ್ ಅಮ್ಮ, ಥ್ಯಾಂಕ್ಸ್ ಶಾನ್ ಲಿವಿಂಗ್‌ಸ್ಟನ್

ಮಂಡಿಯ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್‌ನ ಆಪರೇಷನ್ ಆದ ಮೇಲೆ ಮೊನ್ನೆ ಭಾನುವಾರ ಮೊದಲ ಸಲ ಪೂರ್ತಿ ಬಾಸ್ಕೆಟ್‌ಬಾಲ್ ಪಂದ್ಯ ಆಡಿದೆ. ರಾತ್ರಿ ಮಂಡಿ ಊದಿಕೊಳ್ಳಲಿಲ್ಲ. ತುಂಬಾ ಜನರ ಋಣ ಇದೆ.

ಮೊದಲು ಅಮ್ಮನಿಗೆ. ಹಿಮ್ಮಡಿಗೆ ಬೆಡ್‌ಶೀಟ್ ಸಿಕ್ಕಿಸಿ ಕಾಲನ್ನು ನಿಧಾನಕ್ಕೆ ನನ್ನ ಕಡೆ ಎಳೆದುಕೊಳ್ಳುವುದು ಒಂದು ವ್ಯಾಯಾಮ. ನಾನು ಅರ್ಧಕ್ಕೆ ಬಿಟ್ಟಾಗೆಲ್ಲ ಅಮ್ಮ ಪಕ್ಕದಲ್ಲಿ ಕೂತು, 'ಇನ್ನೊಂದು ಚೂರು, ಅಷ್ಟೇ' ಅನ್ನುತ್ತಿದ್ದಳು. ಬೈಯಿಸಿಕೊಂಡರೂ ನಗುತ್ತಲೇ ಮಂಡಿ ಬಗ್ಗಿಸಿದ ಫಿಸಿಯೋ ಮೇಡಂಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಮಲಗಿದ್ದಾಗ ಗೆಳೆಯನೊಬ್ಬ ಬಾಸ್ಕೆಟ್‌ಬಾಲ್ ಆಟಗಾರ ಶಾನ್ ಲಿವಿಂಗ್‌ಸ್ಟನ್ ಅವರ ವಿಡಿಯೋಗಳನ್ನು ಕಳಿಸಿದ. ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾ ಊರಿನವರು. 6 ಅಡಿ 7 ಇಂಚು ಎತ್ತರದ ಗಾರ್ಡ್, ಅಂದರೆ ಚೆಂಡು ನಡೆಸಿ ಆಟ ಕಟ್ಟುವವರು. 2004ರಲ್ಲಿ ಹೈಸ್ಕೂಲಿನಿಂದ ನೇರ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ, ತಂಡಗಳು ಸರದಿಯಲ್ಲಿ ಹೊಸಬರನ್ನು ಆರಿಸಿಕೊಳ್ಳುವಾಗ ನಾಲ್ಕನೇ ಆಯ್ಕೆಯಾಗಿ ಕ್ಲಿಪ್ಪರ್ಸ್ ತಂಡಕ್ಕೆ. 2007ರ ಫೆಬ್ರವರಿ 26ರಂದು ಒಂದು ಲೇಅಪ್ (ಬುಟ್ಟಿಯ ಹತ್ತಿರ ಜಿಗಿದು ಚೆಂಡು ಹಾಕುವುದು) ತಪ್ಪಿ ಕೆಳಗಿಳಿಯುವಾಗ ಎಡ ಮಂಡಿ ಮುರುಚಿಕೊಂಡಿತು. ನಾಲ್ಕು ಮುಖ್ಯ ಲಿಗಮೆಂಟ್‌ಗಳಲ್ಲಿ ಮೂರು ಹರಿದವು, ಮಂಡಿಚಿಪ್ಪು ಜಾರಿತು. ಕಾಲನ್ನೇ ತೆಗೆಯಬೇಕಾಗಬಹುದು ಎಂದೂ ಆಸ್ಪತ್ರೆಯಲ್ಲಿ ಹೇಳಿದ್ದರು. ಆಗ ಅವರಿಗೆ 21 ವರ್ಷ. ನಡೆಯುವುದನ್ನೇ ಹೊಸದಾಗಿ ಕಲಿಯಬೇಕಾಯಿತು.

2008ರಲ್ಲಿ ಮಯಾಮಿ ತಂಡದಿಂದ ಮತ್ತೆ ಶುರು. ಆಮೇಲೆ ಒಕ್ಲಹಾಮ, ವಾಷಿಂಗ್ಟನ್, ಷಾರ್ಲೆಟ್, ಮಿಲ್ವಾಕಿ, ಕ್ಲೀವ್‌ಲ್ಯಾಂಡ್, ಬ್ರೂಕ್ಲಿನ್. ನಡುವೆ ಕೆಳಗಿನ ಲೀಗ್‌ನಲ್ಲೂ ಆಡಿದರು. ಎಲ್ಲೂ ಕಾಲೂರಲು ಬಿಡಲಿಲ್ಲ ಯಾರೂ. 2014ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಸೇರಿದ ಮೇಲೆ ಐದು ಸೀಸನ್, ಐದೂ ಸಲ ಫೈನಲ್ಸ್, ಮೂರು ಕಪ್.

ನನಗೆ ಜಾಸ್ತಿ ಇಷ್ಟವಾಗಿದ್ದು ಅವರ ಆಟ. ಹಳೆಯ ಜಿಗಿತ ವಾಪಸ್ ಬರಲಿಲ್ಲ, ಅದಕ್ಕೆ ಕಾಯುತ್ತಾ ಅವರು ಕೂರಲೂ ಇಲ್ಲ. ಎಲ್ಲರೂ ಮೂರು ಪಾಯಿಂಟ್ ಗೆರೆಯ ಹಿಂದೆ ನಿಂತ ತಂಡದಲ್ಲಿ ಇವರು ಒಳಗೆ ಬರುತ್ತಿದ್ದರು. ಗಿಡ್ಡ ಗಾರ್ಡ್‌ಗೆ ಬೆನ್ನು ಕೊಟ್ಟು ಎರಡು ಡ್ರಿಬಲ್, ಹೆಗಲ ಮೇಲಿಂದ ತಿರುಗಿ ಎತ್ತರದಿಂದ ಒಂದು ಶಾಟ್. ಎದುರಾಳಿಯ ಕೈ ಅಲ್ಲಿಗೆ ತಲುಪುವುದೇ ಇಲ್ಲ. 2016ರ ಫೈನಲ್ಸ್‌ನ ಮೊದಲ ಪಂದ್ಯ ನೋಡಿ. ಬೆಂಚಿನಿಂದ ಬಂದು 20 ಪಾಯಿಂಟ್! ಅವತ್ತು ಅದೇ ತಂಡದ ಸ್ಟಾರ್‌ಗಳಾದ ಸ್ಟೆಫ್ ಕರಿ 11, ಕ್ಲೇ ಥಾಂಪ್ಸನ್ 9.

ನಾನೂ ಈಗ ಮೊದಲಿನಷ್ಟು ಓಡುವುದಿಲ್ಲ. ಬೆನ್ನು ಕೊಟ್ಟು ಆಡುವುದನ್ನು ಅವರ ವಿಡಿಯೋ ನೋಡಿಯೇ ಕಲಿಯುತ್ತಿದ್ದೇನೆ. ಭಾನುವಾರ ಅಂಥ ಒಂದು ಶಾಟ್ ಬಿತ್ತು, ಖುಷಿ ಇನ್ನೂ ಇಳಿದಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ನಿವೃತ್ತರಾದ ಅವರಿಗೆ ಈ ಬರಹ ತಲುಪುವುದಿಲ್ಲ, ಗೊತ್ತು. ಆದರೂ ಹೇಳಲೇಬೇಕಿತ್ತು.

ಕ್ಲಬ್ಬಿನ ಹುಡುಗರೇ, ನಾನಿಲ್ಲದಾಗಲೂ ಗ್ರೂಪಿನಿಂದ ನನ್ನ ಹೆಸರು ತೆಗೆಯದೆ ಪ್ರತಿ ವಾರ 'ಬರ್ತೀಯಾ?' ಅಂತ ಕೇಳಿದ್ದಕ್ಕೆ ಥ್ಯಾಂಕ್ಸ್. ಬರುವ ಭಾನುವಾರ ಆಟ ಮುಗಿದ ಮೇಲೆ ಎಲ್ಲರಿಗೂ ದೋಸೆ ನನ್ನ ಲೆಕ್ಕದಲ್ಲಿ.