ಕೈಕೊಟ್ಟಿದ್ದು ಕೈಯೋ, ತಲೆಯೋ?

ಮಾನ್ಯರೇ,

ಕಳೆದ ಭಾನುವಾರ ನಿಮ್ಮ ಕ್ರೀಡಾ ಪುಟದಲ್ಲಿ ಹಿಂದೆ ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ತಂಡದಲ್ಲಿದ್ದ ಲೋರಿಸ್ ಕಾರಿಯಸ್ ಬಗ್ಗೆ ‘ಕೈಕೊಟ್ಟ ಗೋಲ್‌ಕೀಪರ್’ ಎಂಬ ತಲೆಬರಹ ನೋಡಿ ನಗು ಬಂತು. ತಲೆಬರಹವೇನೋ ಚೆನ್ನಾಗಿದೆ. ಆದರೆ ಪೂರ್ತಿ ಓದಿದ ಮೇಲೆ ಸ್ವಲ್ಪ ಕಸಿವಿಸಿಯಾಯಿತು. ಅವನು ಬಿಟ್ಟ ಗೋಲುಗಳನ್ನು ಬಿಡಿಸಿ ಬಿಡಿಸಿ ಬರೆದಿದ್ದೀರಿ. ಅದಕ್ಕೂ ಮೊದಲು ಅವನ ತಲೆಗೆ ಬಿದ್ದ ಪೆಟ್ಟಿನ ಬಗ್ಗೆ ಒಂದು ಸಾಲೂ ಇಲ್ಲ.

ಆ ಮ್ಯಾಚ್ ನಾನು ನೋಡಿದ್ದೆ. 2018ರ ಮೇ 26, ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್, ಕೀವ್‌ನಲ್ಲಿ ಲಿವರ್‌ಪೂಲ್ ಮತ್ತು ರಿಯಲ್ ಮ್ಯಾಡ್ರಿಡ್. ನಮಗೆ ಆಗ ಮಧ್ಯರಾತ್ರಿ ಹನ್ನೆರಡೂಕಾಲು. ಮನೆಯಲ್ಲಿ ಎಲ್ಲರೂ ಮಲಗಿದ್ದರು, ಟಿವಿಯ ಶಬ್ದ ಪೂರ್ತಿ ತೆಗೆದು ಕುಳಿತಿದ್ದೆ. ಮೊದಲರ್ಧದಲ್ಲೇ ಮ್ಯಾಡ್ರಿಡ್‌ನ ರಾಮೋಸ್ ಜೊತೆ ಬಿದ್ದು ಲಿವರ್‌ಪೂಲ್‌ನ ಸಲಾಹ್ ಭುಜ ಹಿಡಿದುಕೊಂಡು ಅಳುತ್ತಾ ಹೊರಗೆ ಹೋದ. ಅದನ್ನು ಇಡೀ ಜಗತ್ತು ನೋಡಿತು. ವಿರಾಮದ ನಂತರ ಅದೇ ರಾಮೋಸ್‌ನ ಮೊಣಕೈ ಕಾರಿಯಸ್ ಮುಖಕ್ಕೆ ತಾಗಿತು. ಅದನ್ನು ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ, 51ನೇ ನಿಮಿಷದಲ್ಲಿ, ಚೆಂಡು ಕಾರಿಯಸ್ ಕೈಯಲ್ಲೇ ಇತ್ತು. ಪಕ್ಕದವನಿಗೆ ಉರುಳಿಸಲು ಹೋದ. ಮ್ಯಾಡ್ರಿಡ್‌ನ ಬೆಂಜೆಮಾ ಸುಮ್ನೆ ಕಾಲು ಚಾಚಿದ. ಚೆಂಡು ಮೆಲ್ಲಗೆ ಉರುಳಿಕೊಂಡು ಗೋಲಿನೊಳಗೆ ಹೋಯಿತು. ‘ಥೂ, ದಂಡಪಿಂಡ’ ಅಂದವರಲ್ಲಿ ನಾನೂ ಒಬ್ಬ. 83ನೇ ನಿಮಿಷದಲ್ಲಿ ಅದೇ ತಂಡದ ಬೇಲ್ ದೂರದಿಂದ ಹೊಡೆದದ್ದು ನೇರ ಇವನ ಕೈಗೇ ಬಂತು. ಹಿಡಿಯಬೇಕೋ ಗುದ್ದಬೇಕೋ ಎನ್ನುವಷ್ಟರಲ್ಲಿ ಕೈಗೆ ಬಡಿದು ಒಳಗೆ. 3–1. ಆಟ ಮುಗಿದ ಮೇಲೆ ಒಬ್ಬನೇ ಹುಲ್ಲಿನ ಮೇಲೆ ಮುಖ ಮುಚ್ಚಿಕೊಂಡು ಬಿದ್ದಿದ್ದ. ಆಮೇಲೆ ಎದ್ದು ಅಭಿಮಾನಿಗಳ ಮುಂದೆ ಹೋಗಿ ಅಳುತ್ತಾ ಕ್ಷಮೆ ಕೇಳಿದ.

ಐದು ದಿನ ಬಿಟ್ಟು ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಅವನ ತಪಾಸಣೆ ಆಯಿತು. ಆ ಮ್ಯಾಚ್‌ನಲ್ಲಿ ಅವನಿಗೆ ಕನ್‌ಕಷನ್ ಆಗಿತ್ತು, ಅಂದರೆ ಪೆಟ್ಟಿಗೆ ಮಿದುಳು ಅಲುಗಿತ್ತು, ಕಣ್ಣಳತೆಗೂ ತೊಂದರೆ ಆಗಿತ್ತು, ಆಟದ ಮೇಲೆ ಪರಿಣಾಮ ಆಗಿರುವ ಸಾಧ್ಯತೆ ಇದೆ ಅಂತ ವೈದ್ಯರು ಹೇಳಿದರು. ಜನ ಅದಕ್ಕೂ ನಕ್ಕರು. ಬೋಸ್ಟನ್‌ವರೆಗೆ ಹೋಗಿ ನೆಪ ತಂದ ಅಂದರು.

ನನಗೆ ನಗು ಬರಲಿಲ್ಲ. ಕಾರಣ ಹೇಳುತ್ತೇನೆ.

ನಾನು ಮಂಗಳೂರಿನಲ್ಲಿ ಹನ್ನೆರಡು ವರ್ಷ ಗೋಲ್‌ಕೀಪರ್ ಆಗಿದ್ದವನು. ದೊಡ್ಡ ಮಟ್ಟ ಏನಲ್ಲ, ನೆಹರೂ ಮೈದಾನದ ಮಳೆಗಾಲದ ಆಟ. ಗೋಲಿನ ಮುಂದೆ ಮೊಣಕಾಲಿನವರೆಗೆ ಕೆಸರು. 1994ರಲ್ಲಿ ಒಂದು ಸೆಮಿಫೈನಲ್‌ನಲ್ಲಿ ಚೆಂಡಿಗೆ ಹಾರಿದಾಗ ಎದುರಾಳಿಯ ಮೊಣಕಾಲು ನನ್ನ ಕಿವಿಯ ಮೇಲೆ ಬಿತ್ತು. ನಮ್ಮ ಕೋಚ್ ಓಡಿ ಬಂದು ಬಾಟಲಿಯ ನೀರೆಲ್ಲ ತಲೆಗೆ ಸುರಿದರು. ‘ಏಳು ಮಾರಾಯ, ರಕ್ತ ಬಂದಿಲ್ಲ, ಏನೂ ಆಗಿಲ್ಲ’ ಅಂದರು. ಎದ್ದೆ. ಇಷ್ಟು ನೆನಪಿದೆ. ಆಮೇಲಿನದೆಲ್ಲ ಅಣ್ಣ ಹೇಳಿದ್ದು. ಮೂರು ಗೋಲು ಬಿಟ್ಟೆನಂತೆ. ಒಂದು ಸಲ ಚೆಂಡು ಬಲಕ್ಕೆ ಹೋಗುತ್ತಿದ್ದರೆ ನಾನು ಎಡಕ್ಕೆ ನೋಡುತ್ತಾ ನಿಂತಿದ್ದೆನಂತೆ. ಮನೆಗೆ ಬಂದು ಊಟ ಆದ ಮೇಲೆ ಅಮ್ಮನ ಹತ್ತಿರ ‘ಊಟಕ್ಕೆ ಏನು?’ ಅಂತ ಮೂರು ಸಲ ಕೇಳಿದ್ದೇನೆ. ರಾತ್ರಿ ಎರಡು ಸಲ ವಾಂತಿ.

ಅವತ್ತಿನಿಂದ ನನ್ನ ಹೆಸರು ‘ಜರಡಿ’. ಈಗ ನನ್ನದು ಹಾರ್ಡ್‌ವೇರ್ ಅಂಗಡಿ. ಬಾಗಿಲಲ್ಲೇ ಮರಳು ಜಾಲಿಸುವ ಜರಡಿ ತೂಗುಹಾಕಿದ್ದೇನೆ. ಹಳೇ ಗೆಳೆಯರು ಬಂದಾಗಲೆಲ್ಲ ಅದನ್ನು ಬೆರಳಲ್ಲಿ ತಟ್ಟಿ ನಗುತ್ತಾರೆ. ನಾನೂ ನಗುತ್ತೇನೆ. ಆ ಮೂರು ಗೋಲುಗಳನ್ನು ನಾನೊಬ್ಬ ಮಾತ್ರ ನೋಡಿಲ್ಲ!

ಹಾಗಂತ ಕಾರಿಯಸ್ ಮಹಾ ಗೋಲ್‌ಕೀಪರ್ ಅಂತ ನಾನು ಹೇಳುವುದಿಲ್ಲ. ಜರ್ಮನಿಯ ಮೈನ್ಸ್ ತಂಡದಿಂದ 2016ರಲ್ಲಿ 47.5 ಲಕ್ಷ ಪೌಂಡ್ ಕೊಟ್ಟು ತಂದಾಗ ಲಿವರ್‌ಪೂಲ್‌ನವರಿಗೆ ಭಾರೀ ಆಸೆ ಇತ್ತು. ಬಂದ ಹೊಸತರಲ್ಲೇ ಕೈ ಮೂಳೆ ಮುರಿದುಕೊಂಡ. ಅದೇ ಡಿಸೆಂಬರ್‌ನಲ್ಲಿ ಬೋರ್ನ್‌ಮತ್ ವಿರುದ್ಧ 3–4ರ ಸೋಲಿನಲ್ಲಿ ಕೊನೆಯ ಗೋಲು ಇವನ ಕೈಜಾರಿನಿಂದಲೇ ಆದದ್ದು. ತಂಡದ ಇನ್ನೊಬ್ಬ ಕೀಪರ್ ಮಿನ್ಯೋಲೆಗೆ ಮತ್ತೆ ಜಾಗ ಸಿಕ್ಕಿತು. ಕೀವ್ ನಂತರದ ಜುಲೈನಲ್ಲಿ ಟ್ರಾನ್‌ಮಿಯರ್ ಎಂಬ ಸಣ್ಣ ತಂಡದ ಎದುರಿನ ಅಭ್ಯಾಸ ಪಂದ್ಯದಲ್ಲೂ ಚೆಂಡು ಕೈಜಾರಿತು. ಆಗ ಯಾವ ಮೊಣಕೈಯೂ ಇರಲಿಲ್ಲ. ಹೆದರಿದ ಗೋಲ್‌ಕೀಪರ್‌ನ ಕೈ ಮರದ ತುಂಡಿನ ಹಾಗೆ ಆಗುತ್ತದೆ, ಅದು ನನಗೆ ಗೊತ್ತು. ಅದೇ ತಿಂಗಳು ಸುಮಾರು 6.5 ಕೋಟಿ ಪೌಂಡ್‌ಗೆ ಹೊಸ ಕೀಪರ್ ಅಲಿಸನ್ ಬಂದ. ಇವನು ಟರ್ಕಿಗೆ, ಆಮೇಲೆ ಬರ್ಲಿನ್‌ಗೆ ಎರವಲು ಹೋದ. ಲಿವರ್‌ಪೂಲ್ ಪರ ಮತ್ತೆ ಅಧಿಕೃತ ಪಂದ್ಯ ಆಡಲೇ ಇಲ್ಲ.

ನಿಮ್ಮ ಲೇಖನ ಅಲ್ಲಿಗೇ ನಿಂತಿದೆ. ಆದರೆ 2023ರ ಫೆಬ್ರವರಿಯಲ್ಲಿ, ಆಗ ಅವನಿದ್ದ ಇಂಗ್ಲೆಂಡಿನ ತಂಡ ನ್ಯೂಕ್ಯಾಸಲ್‌ನ ಒಬ್ಬ ಕೀಪರ್‌ಗೆ ನಿಷೇಧ, ಇನ್ನೊಬ್ಬನಿಗೆ ಆಡಲು ಅರ್ಹತೆ ಇಲ್ಲ ಅಂತಾಗಿ ಲೀಗ್ ಕಪ್ ಫೈನಲ್‌ಗೆ ಕಾರಿಯಸ್‌ನನ್ನೇ ನಿಲ್ಲಿಸಿದರು. ಹತ್ತಿರ ಹತ್ತಿರ ಎರಡು ವರ್ಷದಿಂದ ಅವನು ಒಂದು ಅಧಿಕೃತ ಪಂದ್ಯವನ್ನೂ ಆಡಿರಲಿಲ್ಲ. ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಮೊದಲ ಗೋಲು ಹೊಡೆದದ್ದು ಯಾರು ಗೊತ್ತಾ? ಕೀವ್‌ನಲ್ಲೂ ಎದುರಿಗಿದ್ದ, ಈ ಸಲ ಮ್ಯಾಂಚೆಸ್ಟರ್ ಯುನೈಟೆಡ್ ಪರ ಆಡುತ್ತಿದ್ದ ಕ್ಯಾಸೆಮಿರೊ. 0–2ರಿಂದ ಸೋತರು. ಆದರೆ ಅವತ್ತು ಇವನು ಚೆನ್ನಾಗಿಯೇ ಆಡಿದ. ಈಗ ಜರ್ಮನಿಯ ಶಾಲ್ಕೆಗೆ ಹೋಗಿದ್ದಾನೆ.

ನನ್ನ ತಕರಾರು ಬೇರೆ. ಆವತ್ತು ಕೀವ್‌ನಲ್ಲಿ ಮಿನ್ಯೋಲೆ ಬೆಂಚಿನಲ್ಲೇ ಕುಳಿತಿದ್ದ, ಬದಲಿ ಇಳಿಸುವ ಅವಕಾಶವೂ ಇತ್ತು. ಸಲಾಹ್‌ನ ಭುಜ ಕಣ್ಣಿಗೆ ಕಂಡಿತು, ಇವನ ತಲೆಯೊಳಗಿನದು ಕಾಣಲಿಲ್ಲ, ಅಷ್ಟೇ ವ್ಯತ್ಯಾಸ. ಕ್ರಿಕೆಟ್‌ನಲ್ಲಿ ಈಗ ತಲೆಗೆ ಪೆಟ್ಟು ಬಿದ್ದವನ ಬದಲಿಗೆ ಇನ್ನೊಬ್ಬನನ್ನು ಇಳಿಸುವುದು ಎಲ್ಲರಿಗೂ ಗೊತ್ತು. 2019ರ ಲಾರ್ಡ್ಸ್ ಟೆಸ್ಟ್‌ನಲ್ಲಿ ಆರ್ಚರ್ ಚೆಂಡು ತಗುಲಿದ ಸ್ಟೀವ್ ಸ್ಮಿತ್ ಬದಲಿಗೆ ಮರುದಿನ ಲಬುಶೇನ್ ಬಂದ. ಫುಟ್‌ಬಾಲ್ ನಿಯಮದಲ್ಲೂ 2024ರ ಜುಲೈಯಿಂದ ಇಂಥ ಬದಲಿಗೆ ಅವಕಾಶ ಇದೆ, ಉಳಿದ ಬದಲಿಗಳ ಲೆಕ್ಕಕ್ಕೆ ಅದು ಸೇರುವುದಿಲ್ಲ. ಆದರೆ ಟೂರ್ನಿ ನಡೆಸುವವರು ಒಪ್ಪಬೇಕು. ನಾನು ನೋಡುವ ಊರ ಟೂರ್ನಿಗಳಲ್ಲಿ ಇನ್ನೂ ಅದೇ ನೀರಿನ ಬಾಟಲಿ. ಹೋದ ವರ್ಷ ಹದಿನಾರರ ಹುಡುಗನೊಬ್ಬ ಕಂಬಕ್ಕೆ ತಲೆ ಹೊಡೆದುಕೊಂಡ. ಎದ್ದು ಎರಡು ಹೆಜ್ಜೆ ತಪ್ಪು ದಿಕ್ಕಿಗೆ ನಡೆದ. ಜನ ಚಪ್ಪಾಳೆ ತಟ್ಟಿದರು. ಅವನನ್ನೇ ಮತ್ತೆ ಗೋಲಿಗೆ ನಿಲ್ಲಿಸಿದರು.

ಮಳೆಗಾಲದ ಟೂರ್ನಿಗಳು ಹತ್ತಿರ ಬಂದಿವೆ. ಕಾರಿಯಸ್ ಕಥೆಗೆ ಅರ್ಧ ಪುಟ ಕೊಟ್ಟಿದ್ದೀರಿ. ಈ ನಿಯಮಕ್ಕೂ ನಾಲ್ಕು ಸಾಲು ಕೊಡಿ. ಕತ್ತರಿಸಿ ನಮ್ಮ ಕ್ಲಬ್‌ನ ಬೋರ್ಡ್‌ಗೆ ನಾನೇ ಅಂಟಿಸುತ್ತೇನೆ.

— ಹಳೆಯ ಗೋಲ್‌ಕೀಪರ್ ಒಬ್ಬ, ಮಂಗಳೂರು