ಹೆಲೆನ್ ಕೆಲ್ಲರ್ ಸಾಕ್ಷ್ಯಚಿತ್ರ ಶಿವಮೊಗ್ಗದಲ್ಲಿ ತೋರಿಸಿ

ಮಾನ್ಯ ಸಂಪಾದಕರೇ,

ಕಣ್ಣು, ಕಿವಿ ಎರಡೂ ಇಲ್ಲದ ಹೆಲೆನ್ ಕೆಲ್ಲರ್ ಅಂದರೆ ನಮಗೆಲ್ಲ ಶಾಲೆಯ ಪಾಠ. ಪಂಪಿನ ನೀರು, ಕೈಮೇಲೆ ಬರೆದ ಅಕ್ಷರ, ಅಲ್ಲಿಗೆ ಪಾಠ ಮುಗಿಯಿತು. ಏಳು ತುಂಬದ ಆ ಹುಡುಗಿ ನಮ್ಮ ತಲೆಯಲ್ಲಿ ಮುಂದೆ ಬೆಳೆಯಲೇ ಇಲ್ಲ. ಮೊನ್ನೆ ಮಗಳ ಲ್ಯಾಪ್‌ಟಾಪಿನಲ್ಲಿ ಅವರ ಬದುಕಿನ ಬಗ್ಗೆ 1954ರಲ್ಲಿ ಬಂದ, ಆಸ್ಕರ್ ಗೆದ್ದ ಸಾಕ್ಷ್ಯಚಿತ್ರ ನೋಡಿದೆ. ಅದರಲ್ಲಿ ಎಪ್ಪತ್ತು ದಾಟಿದ ಕೆಲ್ಲರ್ ಇದ್ದಾರೆ. ಎದುರಿನವರು ಆಡಿದ್ದನ್ನೆಲ್ಲ ಕೆಲ್ಲರ್ ಅಂಗೈಯಲ್ಲಿ ಜೊತೆಗಾರ್ತಿ ಪಾಲಿ ಥಾಮ್ಸನ್ ಬೆರಳಾಡಿಸಿ ತಿಳಿಸುತ್ತಾರೆ. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಮುಖವನ್ನೂ ಕೆಲ್ಲರ್ ಕೈಯಾಡಿಸಿಯೇ ನೋಡುತ್ತಾರೆ!

ನೋಡ್ತಾ ನೋಡ್ತಾ ನನಗೆ ನಾಚಿಕೆಯಾಯಿತು. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ದೊಡ್ಡಪ್ಪ ಇದ್ದಾರೆ. ಮೊದಲು ಕಿವಿ ಹೋಯಿತು, ಆಮೇಲೆ ಗ್ಲಾಕೋಮಾದಿಂದ ಕಣ್ಣು. ಒಣಗಿದ ಅಡಿಕೆ ಮುಂದಿಟ್ಟರೆ ಬೆಟ್ಟೆ ಯಾವುದು, ರಾಶಿ ಯಾವುದು, ಗೊರಬಲು ಯಾವುದು ಅಂತ ಈಗಲೂ ಮುಟ್ಟಿಯೇ ದರ್ಜೆ ಬೇರೆ ಮಾಡುತ್ತಾರೆ. ಅಂಥವರ ಹತ್ತಿರ ನಾವು ಮಾಡುತ್ತಿದ್ದದ್ದು ಏನು? ತಟ್ಟೆ ತಂದು ಮುಂದಿಡುವುದು, ರಟ್ಟೆ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗುವುದು, ಅಷ್ಟೇ. ಮಾತೇ ಇಲ್ಲ.

ಈಗ ಅವರ ಅಂಗೈಯಲ್ಲಿ ದೊಡ್ಡದಾಗಿ ಕನ್ನಡ ಅಕ್ಷರ ಬರೆಯುತ್ತೇನೆ. ‘ಮ’ ಬರೆದರೆ ‘ಯ’ನಾ ಅಂತ ಕೇಳುತ್ತಾರೆ, ತಪ್ಪಿದರೆ ಕೈ ಕೊಡವಿ ಇನ್ನೊಂದು ಸಲ ಬರಿ ಅನ್ನುತ್ತಾರೆ. ಮೊದಲನೇ ದಿನ ‘ಕಾಫಿ’ ಅಂತ ಬರೆದೆ. ‘ಸಕ್ಕರೆ ಜಾಸ್ತಿ ಹಾಕು, ಇಷ್ಟು ದಿನ ಕೊಟ್ಟಿದ್ದು ಕಾಫಿನೇ ಅಲ್ಲ’ ಅಂದರು.

ಇನ್ನೊಂದು ಮಾತು. ಅಂಗವೈಕಲ್ಯದ ಸರ್ಟಿಫಿಕೇಟ್ ಕೊಡುವ ಒಂದು ಶಿಬಿರಕ್ಕೆ ದೊಡ್ಡಪ್ಪನನ್ನು ಕರೆದುಕೊಂಡು ಹೋದಾಗ, ಅಲ್ಲಿಯವರು ‘ಕಣ್ಣಿಂದು ಬರೀಲಾ, ಕಿವೀದು ಬರೀಲಾ, ಒಂದು ಹೇಳಿ’ ಅಂದರು. ಕಿವಿ ಕಣ್ಣು ಎರಡೂ ಇಲ್ಲದ ಸ್ಥಿತಿಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರು ಹಿಡಿದೇ ಹೇಳಿದೆ, ಆದರೆ ಫಾರಂ ತುಂಬುವವರಿಗೇ ಅದು ಗೊತ್ತಿರಲಿಲ್ಲ. ಕುರುಡರಿಗೆ ಮಾತು ಕೇಳಿಸುತ್ತೆ, ಕಿವುಡರಿಗೆ ಸನ್ನೆ ಕಾಣುತ್ತೆ, ಎರಡೂ ಇಲ್ಲದವರಿಗೆ ಬೇರೆಯವರ ಕೈಯೇ ಗತಿ ಅಲ್ವಾ? ಒಂದನ್ನೇ ಬರೆದರೆ ಅವರಿಗೆ ಬೇಕಾದ ನೆರವು ಸಿಗುವುದಾದರೂ ಹೇಗೆ?

ಈ ಚಿತ್ರವನ್ನು ಯಾರಾದರೂ ಕುವೆಂಪು ರಂಗಮಂದಿರದಲ್ಲಿ ಒಂದು ಭಾನುವಾರ ತೋರಿಸಲಿ, ಪಕ್ಕದಲ್ಲೊಬ್ಬರು ಕನ್ನಡದಲ್ಲಿ ಹೇಳುತ್ತಾ ಹೋಗಲಿ. ಶಿಬಿರದವರನ್ನೂ ಕರೆಯಿರಿ. ದೊಡ್ಡಪ್ಪನನ್ನು ನಾನು ಕರೆತರುತ್ತೇನೆ, ಪರದೆ ಮೇಲೆ ಏನಾಗುತ್ತಿದೆ ಅಂತ ಅಂಗೈಯಲ್ಲಿ ಬರೆಯುತ್ತಾ ಕೂರುತ್ತೇನೆ.

– ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು